ಭಾನುವಾರದ ಟೀವಿಗೆ ಮನೆಮಂದಿ ಮತ್ತೆ ಕೂರಬೇಕೆಂದರೆ: ಡಿಡಿ ಫ್ರೀ ಡಿಶ್ ವಿಮರ್ಶೆ

ರಾಮಾನಂದ ಸಾಗರ್ ಅವರ ‘ರಾಮಾಯಣ’ ದೂರದರ್ಶನದಲ್ಲಿ 1987ರ ಜನವರಿ 25ರ ಭಾನುವಾರ ಶುರುವಾಗಿ 1988ರ ಜುಲೈ 31ರಂದು ಮುಗಿಯಿತು. ವಾರಕ್ಕೊಂದರಂತೆ 78 ಕಂತು, ಒಂದೂವರೆ ವರ್ಷ. ಅದೇ ಧಾರಾವಾಹಿಯನ್ನು 2020ರ ಲಾಕ್‌ಡೌನಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಹಾಕಿ ಮೂರು ವಾರದಲ್ಲಿ ಮುಗಿಸಿದರು. ಈಗ ಮೊಬೈಲಿನಲ್ಲಿ ಒಬ್ಬರೇ ಕೂತು ನಾಲ್ಕೈದು ದಿನದಲ್ಲಿ ನೋಡಿ ಮುಗಿಸಬಹುದು. ಕಥೆ, ನಟರು, ಹಾಡು ಯಾವುದೂ ಬದಲಾಗಿಲ್ಲ. ಎರಡು ಕಂತುಗಳ ನಡುವಿನ ಆರು ದಿನ ಹೋಗಿಬಿಟ್ಟಿದೆ. ಆಗ ಹಿಂದಿ ಅಷ್ಟಾಗಿ ಬಾರದ ಕನ್ನಡದ ಮನೆಗಳಲ್ಲೂ ಭಾನುವಾರ ಒಂಬತ್ತೂವರೆಯೊಳಗೆ ಸ್ನಾನ, ತಿಂಡಿ ಮುಗಿಸಿ ಎಲ್ಲರೂ ನಡುಮನೆಗೆ ಬರುತ್ತಿದ್ದರು. ಕಾಯುವುದಕ್ಕೆ ಒಂದು ವಾರ ಇತ್ತು, ಸೇರುವುದಕ್ಕೆ ಒಂದು ಹೊತ್ತು ಇತ್ತು.

ಹಾಗಾಗಿ ಆ ದಿನಗಳ ಟೀವಿ ಬೇಕು ಅನ್ನುವ ಹಿರಿಯರಿಗೆ ಹಳೇ ಧಾರಾವಾಹಿಯ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದು. ಹೊತ್ತಿಗೆ ಸರಿಯಾಗಿ ಶುರುವಾಗುವ, ಮನೆಯ ಒಂದೇ ಪರದೆಯಲ್ಲಿ ಬರುವ, ಯಾರ ಬೆರಳಿಗೂ ನಿಲ್ಲಿಸಲು ಮುಂದೋಡಿಸಲು ಸಿಗದ ಏರ್ಪಾಡು ಬೇಕು. ತಿಂಗಳ ಬಾಡಿಗೆ ಇಲ್ಲದೆ ಇವತ್ತಿಗೂ ಅದನ್ನು ಕೊಡುತ್ತಿರುವುದು ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್. ವಯಸ್ಸಾದವರಿರುವ ಮನೆಗೆ ಇದನ್ನು ಹಾಕಿಸಿ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಸರಿಯಾಗಿ ಕೂರಿಸದಿದ್ದರೆ ಮೊದಲ ಮಳೆಗೇ ಬೇಸರ ಬಂದು ಮೂಲೆ ಸೇರುತ್ತದೆ. ಅದಕ್ಕಾಗಿ ಇಲ್ಲಿ ಗುಣದೋಷಗಳ ಜೊತೆಗೆ ಕೂರಿಸುವ ಕ್ರಮವನ್ನೂ ಬಿಡಿಸಿ ಹೇಳಿದೆ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ ಇದು. ಈಗ ಜಿಸ್ಯಾಟ್-15 ಉಪಗ್ರಹದಿಂದ, ಪೂರ್ವ ರೇಖಾಂಶ 93.5 ಡಿಗ್ರಿಯಿಂದ ಬರುತ್ತದೆ. ಬಾಕ್ಸು, ಡಿಶ್ಶು, ಎಲ್‌ಎನ್‌ಬಿ (ಡಿಶ್ಶಿನ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಪುಟ್ಟ ಭಾಗ), ಕೇಬಲ್ಲು, ಕೂಲಿ ಎಲ್ಲ ಸೇರಿ ಸುಮಾರು 2,000 ರೂಪಾಯಿ ಒಮ್ಮೆ ಕೊಟ್ಟರೆ ಮುಗಿಯಿತು. ರೀಚಾರ್ಜ್ ಇಲ್ಲ, ಆಕ್ಟಿವೇಷನ್ ಶುಲ್ಕ ಇಲ್ಲ, ವಾರ್ಷಿಕ ನವೀಕರಣ ಇಲ್ಲ. ಯಾರಾದರೂ ಫೋನ್ ಮಾಡಿ ‘ನಿಮ್ಮ ಫ್ರೀ ಡಿಶ್ ಬಂದ್ ಆಗುತ್ತೆ, ಇಷ್ಟು ಹಣ ಹಾಕಿ’ ಅಂದರೆ ಅದು ಮೋಸ. ಮನೆಯ ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ.

ಕನ್ನಡಕ್ಕೆ ಡಿಡಿ ಚಂದನ ಸಿಗುತ್ತದೆ. ಡಿಡಿ ನ್ಯಾಷನಲ್, ಡಿಡಿ ಭಾರತಿ, ಬೇರೆ ರಾಜ್ಯಗಳ ದೂರದರ್ಶನ ವಾಹಿನಿಗಳು, ಹಿಂದಿ ಸಿನಿಮಾ ವಾಹಿನಿಗಳು, ಸುದ್ದಿ, ಭಕ್ತಿ, ಆಕಾಶವಾಣಿಯ ಕೇಂದ್ರಗಳು ಇವೆ. ಪಾವತಿ ವಾಹಿನಿಗಳು ಇರುವುದಿಲ್ಲ. ರಾತ್ರಿಯ ದೊಡ್ಡ ಕನ್ನಡ ಧಾರಾವಾಹಿಗಳನ್ನು ಬಿಡಲಾರೆವು ಅನ್ನುವ ಮನೆಗೆ ಇದೊಂದೇ ಸಾಲದು. ಒಟ್ಟು ಪಟ್ಟಿಯಲ್ಲಿ ಹಿಂದಿಯದೇ ಮೇಲುಗೈ. ಕನ್ನಡದ ಮನೆಗೆ ಈ ಸೇವೆಯ ದೊಡ್ಡ ಕೊರತೆ ಅದೇ.

ಚಾವಣಿಯ ಮೇಲಿರುವ ಹಳೇ ಆಂಟೆನಾವನ್ನೇ ಸರಿಮಾಡಿದರೆ ಆಗದೆ ಎಂದು ಹಲವರು ಕೇಳುತ್ತಾರೆ. ಆಗದು. ದೂರದರ್ಶನದ ಅನಲಾಗ್ ಮರುಪ್ರಸಾರ ಕೇಂದ್ರಗಳನ್ನು ಹಂತಹಂತವಾಗಿ ನಿಲ್ಲಿಸುತ್ತಾ ಬಂದು, 2022ರ ಹೊತ್ತಿಗೆ ಗಡಿಭಾಗದಂಥ ಕೆಲವು ಜಾಗಗಳನ್ನು ಬಿಟ್ಟು ಉಳಿದೆಲ್ಲವನ್ನೂ ಮುಚ್ಚಿದ್ದಾರೆ. ಆಂಟೆನಾದ ಕಂಬ ಅಲುಗಾಡದಿದ್ದರೆ ಅದನ್ನು ಡಿಶ್ಶಿಗೆ ಬಳಸಬಹುದು. ಅದರಿಂದ ಇಳಿದಿರುವ ಚಪ್ಪಟೆ ವೈರು ಬರುವುದಿಲ್ಲ.

ಕರ್ನಾಟಕದ ಹಳ್ಳಿಗೆ ಡಿಶ್ ಹೊಸದೇನಲ್ಲ ಅನ್ನುವುದನ್ನೂ ನೆನಪಿಸಬೇಕು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಟೀವಿ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಬಂತು. ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಕೋಳಿ ಗೂಡಿಗೆ ಹೊಡೆಯುವ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಡಿಶ್ಶು, ಊರಿಗೊಂದು ಸೆಟ್ಟು, ಸಂಜೆಯಾದರೆ ಅದರ ಮುಂದೆ ಊರವರೆಲ್ಲ. ಒಟ್ಟಿಗೆ ಕೂತು ನೋಡುವ ರೂಢಿ ನಮ್ಮಲ್ಲಿ ಶುರುವಾದದ್ದೇ ಹಾಗೆ.

ಕೊಳ್ಳುವಾಗ

ಚಿತ್ರವನ್ನು ಕುಗ್ಗಿಸಿ ಕಳಿಸುವ ರೀತಿಗೆ ತಕ್ಕಂತೆ ಬಾಕ್ಸಿನಲ್ಲಿ ಎರಡು ಬಗೆ. ಹಳೇ ಎಂಪೆಗ್-2 ಬಾಕ್ಸು ಅಗ್ಗ, ಆದರೆ ಎಂಪೆಗ್-4 ರೂಪದಲ್ಲಿ ಬರುವ ವಾಹಿನಿಗಳನ್ನು ಅದು ತೋರಿಸುವುದಿಲ್ಲ. ನೂರಿನ್ನೂರು ಉಳಿಸಲು ಹೋಗಬೇಡಿ, ಎಂಪೆಗ್-4 ಎಚ್‌ಡಿ ಬಾಕ್ಸನ್ನೇ ತೆಗೆದುಕೊಳ್ಳಿ. ಅದರಲ್ಲಿ ಎರಡೂ ಬರುತ್ತವೆ. ಬಾಕ್ಸಿನ ಹಿಂಬದಿಯನ್ನು ಅಂಗಡಿಯಲ್ಲೇ ತಿರುಗಿಸಿ ನೋಡಿ. ಎಚ್‌ಡಿಎಂಐ ಎಲ್ಲದರಲ್ಲೂ ಇರುತ್ತದೆ. ಹಳದಿ-ಬಿಳಿ-ಕೆಂಪು ಎವಿ ಔಟ್ ಇದೆಯೇ, ಅಥವಾ ಅದಕ್ಕೆ ಬದಲು ಒಂದೇ ಚಿಕ್ಕ ತೂತು ಇದ್ದರೆ ಮೂರು ಕವಲಿನ ವೈರು ಡಬ್ಬಿಯಲ್ಲಿ ಬಂದಿದೆಯೇ ನೋಡಿ. ಹಳೇ ಪಿಕ್ಚರ್ ಟ್ಯೂಬ್ ಟೀವಿಗೆ ಅದು ಬೇಕೇ ಬೇಕು. ಮೂರನೆಯದಾಗಿ ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದು ಬರೆದಿದ್ದರೆ ಒಳ್ಳೆಯದು. ಕರೆಂಟು ಹೋದಾಗ ವೈಫೈ ರೌಟರಿಗೆ ಇಡುವ ಪುಟ್ಟ ಯುಪಿಎಸ್ಸಿನಿಂದಲೇ ಬಾಕ್ಸು ನಡೆಯುತ್ತದೆ. ಟೀವಿಗೆ ಮಾತ್ರ ಇನ್ವರ್ಟರ್ ಬೇಕು. 32 ಇಂಚಿನ ಎಲ್‌ಇಡಿ ಟೀವಿಗೆ 40-60 ವ್ಯಾಟ್ ಸಾಕು, 21 ಇಂಚಿನ ಟ್ಯೂಬ್ ಟೀವಿಗೆ 70-90 ವ್ಯಾಟ್ ಹಿಡಿಯಿರಿ.

ಡಿಶ್ಶು 60-65 ಸೆಂಟಿಮೀಟರಿನದು ಸಾಮಾನ್ಯ. ಬೆರಳಿಂದ ಒತ್ತಿದರೆ ಬಾಗುವಷ್ಟು ತೆಳು ತಗಡಿನದನ್ನು ಬಿಟ್ಟುಬಿಡಿ. ಒಂದು ಕಡೆ ಸ್ವಲ್ಪ ನೆಗ್ಗಿದರೂ ಸಿಗ್ನಲ್ ಒಂದೇ ಬಿಂದುವಿಗೆ ಕೂಡುವುದಿಲ್ಲ. ಕರಾವಳಿಯಲ್ಲಿ ಉಪ್ಪುಗಾಳಿಗೆ ಡಿಶ್ಶಿಗಿಂತ ಮೊದಲು ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಸ್ಟೇನ್‌ಲೆಸ್ ಬೋಲ್ಟು ಹಾಕಿಸಿ, ಗ್ರೀಸು ಹಚ್ಚಿ. ಎಲ್‌ಎನ್‌ಬಿ ಯುನಿವರ್ಸಲ್ ಕೆಯು ಬ್ಯಾಂಡಿನದು (ಕೆಯು ಬ್ಯಾಂಡ್ ಅಂದರೆ ಈ ಸೇವೆಯ ಅಲೆಗಳು ಬರುವ ತರಂಗಗಳ ಗುಂಪು) ಆಗಿರಲಿ. ಬಾಕ್ಸಿನ ಸೆಟ್ಟಿಂಗಿನಲ್ಲಿ ಅದಕ್ಕೆ 9750/10600 ಎಂದು ಆರಿಸಬೇಕು. ಇದೊಂದು ಸಂಖ್ಯೆ ತಪ್ಪಿದ್ದರೆ ಡಿಶ್ಶು ಎಷ್ಟೇ ಸರಿಯಾಗಿ ಕೂತಿದ್ದರೂ ಒಂದು ವಾಹಿನಿಯೂ ಬರುವುದಿಲ್ಲ.

ಕೇಬಲ್ಲು ಆರ್‌ಜಿ-6 ಎಂಬ ಬಗೆಯದಿರಲಿ. ಹಳೇ ಕೇಬಲ್ ಟೀವಿಯವರು ಬಿಟ್ಟುಹೋದ ವೈರನ್ನು ಬಳಸುವ ಆಸೆ ಬೇಡ. ಡಿಶ್ಶಿನಿಂದ ಬಾಕ್ಸಿಗೆ 30 ಮೀಟರಿನೊಳಗಿರಲಿ, ನಡುವೆ ಜೋಡು ಇರದಿರಲಿ.

ಡಿಶ್ ಕೂರಿಸುವುದು

ಹಳೇ ಆಂಟೆನಾ ಹತ್ತು ಡಿಗ್ರಿ ಆಚೀಚೆಯಾದರೂ ಚುಕ್ಕಿಚುಕ್ಕಿಯಾಗಿಯಾದರೂ ಚಿತ್ರ ಬರುತ್ತಿತ್ತು. ಮೇಲೊಬ್ಬರು ತಿರುಗಿಸುತ್ತಾ, ಕೆಳಗಿನವರು ‘ಬಂತು, ಬಂತು, ಹೋಯ್ತು’ ಎಂದು ಕೂಗುತ್ತಾ ಹೊಂದಿಸಿಕೊಳ್ಳಬಹುದಿತ್ತು. ಡಿಶ್ಶಿಗೆ ಆ ಔದಾರ್ಯ ಇಲ್ಲ. ಎರಡು ಡಿಗ್ರಿ ತಪ್ಪಿದರೆ ಪೂರ್ತಿ ಖಾಲಿ. ಮಸುಕು ಚಿತ್ರ ಎಂಬುದೇ ಡಿಜಿಟಲ್ಲಿನಲ್ಲಿ ಇಲ್ಲ: ಚೆನ್ನಾಗಿ ಬರುತ್ತದೆ, ಇಲ್ಲವೇ ಚೌಕಚೌಕವಾಗಿ ಒಡೆದು ನಿಂತುಹೋಗುತ್ತದೆ.

ದಿಕ್ಕು ಆಗ್ನೇಯ. ಮೊಬೈಲಿನ ದಿಕ್ಸೂಚಿಯಲ್ಲಿ ಉತ್ತರವನ್ನು ಸೊನ್ನೆ ಎಂದಿಟ್ಟುಕೊಂಡರೆ ಬೆಂಗಳೂರಿಗೆ ಸುಮಾರು 128 ಡಿಗ್ರಿ, ಮಂಗಳೂರಿಗೆ 123-124, ಹುಬ್ಬಳ್ಳಿಗೆ 129, ಕಲಬುರಗಿಗೆ 135. ನೆಲದಿಂದ ಮೇಲಕ್ಕೆ ನೋಡುವ ಕೋನ ಬೆಂಗಳೂರಿನಲ್ಲಿ 66 ಡಿಗ್ರಿ, ಮಂಗಳೂರಿನಲ್ಲಿ 64, ಹುಬ್ಬಳ್ಳಿ ಮತ್ತು ಕಲಬುರಗಿಯಲ್ಲಿ 62ರ ಹತ್ತಿರ. ಮೊಬೈಲನ್ನು ಕಬ್ಬಿಣದ ಕಂಬಕ್ಕೆ ತಾಗಿಸಿ ಹಿಡಿದರೆ ದಿಕ್ಸೂಚಿ ಸುಳ್ಳು ಹೇಳುತ್ತದೆ; ನಾಲ್ಕು ಹೆಜ್ಜೆ ದೂರ ನಿಂತು ಅಳೆದು, ಆ ಸಾಲಿನಲ್ಲಿ ಎದುರಿಗೆ ಕಾಣುವ ಮರವನ್ನೋ ಕಟ್ಟಡವನ್ನೋ ಗುರುತು ಇಟ್ಟುಕೊಳ್ಳಿ.

66 ಡಿಗ್ರಿ ಅಂದರೆ ಬಹಳ ಎತ್ತರ. ಡಿಶ್ಶನ್ನು ನೋಡಿದರೆ ಅದು ಅಷ್ಟು ಮೇಲಕ್ಕೆ ನೋಡುತ್ತಿರುವಂತೆ ಕಾಣುವುದಿಲ್ಲ, ಏಕೆಂದರೆ ಆಫ್‌ಸೆಟ್ ಡಿಶ್ಶಿನ (ಎಲ್‌ಎನ್‌ಬಿ ನಡುವಿನಲ್ಲಿರದೆ ಕೆಳಬದಿಯಲ್ಲಿರುವ ಬಗೆಯ) ಮುಖ ನಿಜವಾದ ಕೋನಕ್ಕಿಂತ 22-25 ಡಿಗ್ರಿ ಕಡಿಮೆ ವಾಲಿರುತ್ತದೆ. ಡಿಶ್ಶಿನ ಹಿಂಬದಿಯ ಲೋಹದ ಪಟ್ಟಿಯ ಮೇಲೆ ಕೋನದ ಗುರುತುಗಳಿದ್ದರೆ ಅದನ್ನೇ ನಂಬಿ, ಕಣ್ಣಂದಾಜನ್ನು ನಂಬಬೇಡಿ. ಆ ಗುರುತು ಸರಿ ಹೇಳಬೇಕಾದರೆ ಕಂಬ ನೆಟ್ಟಗಿರಬೇಕು. ಗಾರೆಯವರ ತೂಗುಗುಂಡು ಹಿಡಿದು ಎರಡು ಕಡೆಯಿಂದ ನೋಡಿ. ಮನೆಗೆ ಬರುವ ಕೆಲಸಗಾರರು ತುಂಬಾ ಸಲ ಬಿಟ್ಟುಬಿಡುವುದು ಇದನ್ನೇ.

ಎತ್ತರದ ಕೋನದಿಂದ ಒಂದು ಅನುಕೂಲವೂ ಇದೆ. ಡಿಶ್ಶಿಗಿಂತ 10 ಮೀಟರ್ ಎತ್ತರದ ತೆಂಗಿನ ಮರ ಅಡ್ಡ ಬರಬೇಕಾದರೆ ಅದು ನಾಲ್ಕೂವರೆ-ಐದು ಮೀಟರಿನೊಳಗೆ ಇರಬೇಕು. ಮಲೆನಾಡಿನಲ್ಲಿ ಅಡಿಕೆ ತೋಟದ ನಡುವಿನ ಮನೆಗೂ ಅಂಗಳದ ಸರಿಯಾದ ಮೂಲೆ ಹುಡುಕಿದರೆ ಸಿಗ್ನಲ್ ಸಿಗುತ್ತದೆ. ಹಿಂದೆ ಇದೇ ಊರುಗಳಲ್ಲಿ ಗುಡ್ಡಕ್ಕೆ ಬಡಿದು ತಡವಾಗಿ ಬಂದ ಅಲೆಯಿಂದ ಪ್ರತಿ ಮುಖದ ಪಕ್ಕ ಇನ್ನೊಂದು ನೆರಳು ಮುಖ ಕಾಣುತ್ತಿತ್ತು. ಆ ತೊಂದರೆ ಈಗ ಇಲ್ಲವೇ ಇಲ್ಲ.

ಕೋನ ಕಟ್ಟಿದ ಮೇಲೆ ಬೋಲ್ಟನ್ನು ಅರ್ಧ ಬಿಗಿ ಮಾಡಿ ಎಡಕ್ಕೂ ಬಲಕ್ಕೂ ಒಂದೊಂದು ಡಿಗ್ರಿ ಸರಿಸಿ, ಪ್ರತಿ ಸಲವೂ ಮೂರು-ನಾಲ್ಕು ಸೆಕೆಂಡ್ ಕಾಯಿರಿ. ಬಾಕ್ಸು ಸಿಗ್ನಲ್ ಹಿಡಿದು ತೋರಿಸಲು ಅಷ್ಟು ಹೊತ್ತು ಬೇಕು. ಅವಸರದಲ್ಲಿ ತಿರುಗಿಸುತ್ತಾ ಹೋದರೆ ಸರಿಯಾದ ಜಾಗವನ್ನು ದಾಟಿಬಿಡುತ್ತೀರಿ. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. ‘ಸ್ಟ್ರೆಂಗ್ತ್’ ಪಟ್ಟಿ ಡಿಶ್ಶು ಎತ್ತ ನೋಡಿದರೂ ಸ್ವಲ್ಪ ಏರಿಯೇ ಇರುತ್ತದೆ. ನೋಡಬೇಕಾದದ್ದು ‘ಕ್ವಾಲಿಟಿ’. ಶುಭ್ರ ಆಕಾಶದಲ್ಲಿ ಅದು 70ರ ಮೇಲೆ ನಿಲ್ಲುವ ತನಕ ಬಿಡಬೇಡಿ. 45-50ಕ್ಕೂ ಚಿತ್ರ ಬರುತ್ತದೆ, ಕೆಲಸದವರು ಅಲ್ಲಿಗೇ ಕೈತೊಳೆದು ಹೊರಡುತ್ತಾರೆ. ಜೂನ್ ಬಂತೆಂದರೆ ಅದೇ ಮನೆಯಲ್ಲಿ ಮೋಡ ಕವಿದಾಗಲೆಲ್ಲ ಟೀವಿ ನಿಲ್ಲುತ್ತದೆ. ಕೆಯು ಬ್ಯಾಂಡಿನ ಅಲೆಯನ್ನು ದಪ್ಪ ಮಳೆ ಹೀರಿಕೊಳ್ಳುತ್ತದೆ, ಅದನ್ನು ತಪ್ಪಿಸಲಾಗದು. ಹೆಚ್ಚುವರಿಯಾಗಿ ಇಟ್ಟುಕೊಂಡ ಕ್ವಾಲಿಟಿಯೇ ಮಳೆಗಾಲದ ಬುತ್ತಿ.

ಎಲ್‌ಎನ್‌ಬಿಯನ್ನು ಅದರ ಕೊರಳಿನಲ್ಲಿ ತಿರುಗಿಸಿ ಹೊಂದಿಸುವುದು ಇನ್ನೊಂದು ಹಂತ. ನಮ್ಮ ರಾಜ್ಯದಿಂದ ಈ ಉಪಗ್ರಹ ತುಂಬಾ ಪೂರ್ವಕ್ಕೆ ವಾಲಿ ಕಾಣುವುದರಿಂದ ಎಲ್‌ಎನ್‌ಬಿ ನೆಟ್ಟಗೆ ಕೂತಿದ್ದರೆ ಸಾಲದು. ಹಿಡಿಕೆಯ ಸ್ಕ್ರೂ ಸಡಿಲಿಸಿ, ಗಡಿಯಾರದ ಮುಳ್ಳಿನ ಹಾಗೆ ಒಮ್ಮೆ ಆ ಕಡೆಗೆ ಒಮ್ಮೆ ಈ ಕಡೆಗೆ ಸ್ವಲ್ಪಸ್ವಲ್ಪ ತಿರುಗಿಸಿ, ಕ್ವಾಲಿಟಿ ಅತಿ ಹೆಚ್ಚಾದ ಕಡೆ ನಿಲ್ಲಿಸಿ. ಹತ್ತು-ಹದಿನೈದು ಅಂಕ ಇಲ್ಲೇ ಸಿಗುವುದುಂಟು.

ಕ್ವಾಲಿಟಿ ಚೆನ್ನಾಗಿದೆ, ಆದರೆ ಸ್ಕ್ಯಾನ್ ಮಾಡಿದರೆ ಚಂದನ ಇಲ್ಲ ಅನ್ನುವುದು ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವ ತೊಂದರೆ. ಕಾರಣ ಸರಳ. 95 ಡಿಗ್ರಿಯಲ್ಲಿ, ಅಂದರೆ ಒಂದೂವರೆ ಡಿಗ್ರಿ ಪಕ್ಕದಲ್ಲೇ, ಹಣ ಕೊಟ್ಟು ನೋಡುವ ಡಿಟಿಎಚ್‌ನ ಇನ್ನೊಂದು ಉಪಗ್ರಹ ಇದೆ. ಡಿಶ್ಶು ಅದನ್ನು ಹಿಡಿದು ಕೂತಿರುತ್ತದೆ. ಕೂದಲೆಳೆಯಷ್ಟು ಪಶ್ಚಿಮಕ್ಕೆ, ಅಂದರೆ ದಕ್ಷಿಣದ ಕಡೆಗೆ ಸರಿಸಿ ಮತ್ತೆ ಸ್ಕ್ಯಾನ್ ಮಾಡಿ.

ಕೊನೆಗೆ ಕೇಬಲ್ಲಿನ ತುದಿಗೆ ಹಾಕುವ ಲೋಹದ ತಲೆ, ಎಫ್ ಕನೆಕ್ಟರು. ಸಣ್ಣ ಭಾಗ, ಆದರೆ ಅರ್ಧಕ್ಕರ್ಧ ದೂರುಗಳ ಮೂಲ. ಕೇಬಲ್ಲಿನ ಹೊರಸಿಪ್ಪೆಯನ್ನು ಒಂದು ಸೆಂಟಿಮೀಟರಿನಷ್ಟು ಸುಲಿದು, ಒಳಗಿನ ಜಾಲರಿ ತಂತಿಗಳನ್ನು ಹಿಂದಕ್ಕೆ ಮಡಚಿ, ಬಿಳಿ ಭಾಗವನ್ನು ಕತ್ತರಿಸಿ ನಡುವಿನ ತಂತಿಯನ್ನು ಬಿಡಿಸಬೇಕು. ಕನೆಕ್ಟರ್ ಹಾಕಿದ ಮೇಲೆ ನಡುವಿನ ತಂತಿ ಅದರ ಅಂಚಿನಿಂದ ಎರಡು-ಮೂರು ಮಿಲಿಮೀಟರ್ ಹೊರಗೆ ಕಾಣಬೇಕು. ಕಡಿಮೆಯಾದರೆ ತಾಗುವುದಿಲ್ಲ, ಹೆಚ್ಚಾದರೆ ಒಳಗೆ ಬಾಗುತ್ತದೆ. ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಗುಲಿದರೂ ಶಾರ್ಟ್ ಆಗಿ ಎಲ್‌ಎನ್‌ಬಿಗೆ ಕರೆಂಟು ಹೋಗುವುದಿಲ್ಲ. ಈ ಕೆಲಸ ಮಾಡುವಾಗ ಬಾಕ್ಸಿನ ಸ್ವಿಚ್ ಆಫ್ ಮಾಡಿರಬೇಕು. ಹೊರಗಿನ ಕನೆಕ್ಟರಿಗೆ ರಬ್ಬರ್ ಟೊಪ್ಪಿ ಹಾಕಿ. ಕೇಬಲ್ ಮನೆಯೊಳಗೆ ಬರುವ ಮುನ್ನ ಒಂದು ಸುತ್ತು ಕೆಳಕ್ಕೆ ಇಳಿಬಿಟ್ಟರೆ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಗೋಡೆಯೊಳಗೆ ಬರುವುದಿಲ್ಲ.

ಚಿತ್ರ: ಮುಖಗಳನ್ನು ಉಬ್ಬಿಸಬೇಡಿ

ಆ ಕಾಲದ ಕಾರ್ಯಕ್ರಮಗಳೆಲ್ಲ 4:3 ಅಳತೆಯವು. ನಾಲ್ಕು ಪಾಲು ಅಗಲ, ಮೂರು ಪಾಲು ಎತ್ತರ. ಈಗಿನ ಟೀವಿ 16:9. ಹೆಚ್ಚಿನ ಮನೆಗಳಲ್ಲಿ ಟೀವಿಯನ್ನು ‘ಫುಲ್’ ಎಂದು ಇಟ್ಟಿರುತ್ತಾರೆ, ಹಾಗಾಗಿ ಹಳೇ ದೃಶ್ಯ ಬಂದಾಗ ಪ್ರತಿ ಮುಖವೂ ಮೂರರಲ್ಲೊಂದು ಪಾಲು ಅಗಲವಾಗಿ, ನಟರೆಲ್ಲ ಕುಳ್ಳಗೆ ದಪ್ಪಗೆ ಕಾಣುತ್ತಾರೆ. ಹಿರಿಯರು ‘ಏನೋ ಸರಿ ಇಲ್ಲ’ ಅನ್ನುತ್ತಾರೆ, ಏನೆಂದು ಹೇಳಲು ಬರುವುದಿಲ್ಲ. ಪಿಕ್ಚರ್ ಸೈಜನ್ನು ‘4:3’ ಅಥವಾ ‘ಒರಿಜಿನಲ್’ಗೆ ಹಾಕಿ. ಎರಡು ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಬಾಕ್ಸಿನಲ್ಲೂ ಇದೇ ಸೆಟ್ಟಿಂಗ್ ಇರುತ್ತದೆ. ಎರಡೂ ಕಡೆ ಬೇರೆಬೇರೆ ಇಟ್ಟರೆ ನಾಲ್ಕೂ ಬದಿಗೆ ಪಟ್ಟಿ ಬಂದು ಚಿತ್ರ ನಡುವೆ ಪೋಸ್ಟ್‌ಕಾರ್ಡಿನಷ್ಟಾಗುತ್ತದೆ. ಬಾಕ್ಸಿನಲ್ಲಿ ‘ಆಟೋ’ ಇಟ್ಟು ಟೀವಿಯಲ್ಲಿ ಹೊಂದಿಸಿಕೊಳ್ಳುವುದು ಉತ್ತಮ.

ಶಾರ್ಪ್‌ನೆಸ್ಸನ್ನು ಪೂರ್ತಿ ಕೆಳಕ್ಕೆ ಇಳಿಸಿ. 625 ಸಾಲಿನ ಹಳೇ ಚಿತ್ರದಲ್ಲಿ ಇಲ್ಲದ ವಿವರವನ್ನು ಅದು ಎಲ್ಲಿಂದಲೂ ತರಲಾರದು, ಅಂಚಿಗೆ ಬಿಳಿ ಗೆರೆ ಬರೆಯುತ್ತದೆ ಅಷ್ಟೆ. ಚಲನೆಯನ್ನು ನಯಗೊಳಿಸುವ ಸೌಲಭ್ಯ ಇದ್ದರೆ ಆಫ್ ಮಾಡಿ. ಧ್ವನಿಯಲ್ಲಿ ‘ಸ್ಪೀಚ್’ ಅಥವಾ ‘ನ್ಯೂಸ್’ ಮೋಡ್ ಇಟ್ಟರೆ ಕಿವಿ ಮಂದವಾದವರಿಗೂ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಹಿನ್ನೆಲೆ ಸಂಗೀತ ಸ್ವಲ್ಪ ತೆಳುವಾಗುತ್ತದೆ.

ಅಟ್ಟದ ಮೇಲೆ ಹಳೇ ಟ್ಯೂಬ್ ಟೀವಿ ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಇಳಿಸಿ ನೋಡಿ, ಖಂಡಿತ ನೋಡಿ. ಹಳೇ ಕಾರ್ಯಕ್ರಮ ಅದರಲ್ಲಿ ಕಾಣುವ ಹಾಗೆ ಎಷ್ಟು ಬೆಲೆಯ ಹೊಸ ಟೀವಿಯಲ್ಲೂ ಕಾಣುವುದಿಲ್ಲ. ಆ ಚಿತ್ರವನ್ನು ಮಾಡಿದ್ದೇ ಆ ಪರದೆಗೆ. ಬಾಕ್ಸಿನ ಎವಿ ಔಟನ್ನು ಟೀವಿಯ ಎವಿ ಇನ್‌ಗೆ ಕೊಟ್ಟು, ಬಾಕ್ಸಿನಲ್ಲಿ ‘ಪಾಲ್’ (ನಮ್ಮ ದೇಶದ ಹಳೇ ಟೀವಿಗಳ ಬಣ್ಣದ ಪದ್ಧತಿ) ಮತ್ತು 4:3 ಆಯ್ದುಕೊಂಡರೆ ಮುಗಿಯಿತು. ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ಉಳಿದಿದ್ದರೆ ಹಳೇ ಸೆಟ್ಟು ಕಪ್ಪು-ಬಿಳುಪಾಗಿ ತೋರಿಸುತ್ತದೆ ಅಥವಾ ಚಿತ್ರ ಮೇಲಕ್ಕೆ ಉರುಳುತ್ತದೆ. ಎವಿ ತೂತೇ ಇಲ್ಲದ, ಶಟರ್ ಬಾಗಿಲಿನ ಕಾಲದ ಸೆಟ್ಟಾದರೆ ಎವಿ ಸಿಗ್ನಲನ್ನು ಆಂಟೆನಾ ಸಿಗ್ನಲಾಗಿ ಬದಲಿಸುವ ಆರ್‌ಎಫ್ ಮಾಡ್ಯುಲೇಟರ್ ಎಂಬ ಪುಟ್ಟ ಡಬ್ಬಿ ನಡುವೆ ಹಾಕಿ, ಟೀವಿಯನ್ನು ಅದರ ಚಾನೆಲ್ಲಿಗೆ ಟ್ಯೂನ್ ಮಾಡಬೇಕು.

ವರ್ಷಗಟ್ಟಲೆ ಮಲಗಿದ್ದ ಸೆಟ್ಟಿಗೆ ನೇರವಾಗಿ ಕರೆಂಟು ಕೊಟ್ಟು ಆ ಕಡೆ ಹೋಗಬೇಡಿ. ಮೊದಲ ಅರ್ಧ ಗಂಟೆ ಪಕ್ಕದಲ್ಲೇ ಇರಿ. ಸುಟ್ಟ ವಾಸನೆ ಅಥವಾ ಚಟಚಟ ಸದ್ದು ಬಂದರೆ ಪ್ಲಗ್ ಕಿತ್ತುಬಿಡಿ. ಬಣ್ಣ ಒಂದು ಮೂಲೆಯಲ್ಲಿ ನೇರಳೆಗೋ ಹಸಿರಿಗೋ ತಿರುಗಿದ್ದರೆ ಹತ್ತಿರ ಸ್ಪೀಕರ್ ಇದೆಯೇ ನೋಡಿ, ಅದರ ಅಯಸ್ಕಾಂತದ ಕೆಲಸ ಅದು. ಪರದೆಯ ನಡುವೆ ಒಂದೇ ಅಡ್ಡಗೆರೆ ಉಳಿದರೆ ವರ್ಟಿಕಲ್ ಭಾಗ ಕೆಟ್ಟಿದೆ, ರಿಪೇರಿ ಸಾಧ್ಯ. ಚಿತ್ರ ಬೆಳಗಲು ಹಲವು ನಿಮಿಷ ಬೇಕಾಗಿ, ಆಮೇಲೂ ಮಂಕಾಗಿಯೇ ಇದ್ದರೆ ಟ್ಯೂಬೇ ಸೋತಿದೆ, ಖರ್ಚು ಮಾಡಬೇಡಿ. ಹಿಂದಿನ ಮುಚ್ಚಳವನ್ನು ಮಾತ್ರ ನೀವೇ ಬಿಚ್ಚಬೇಡಿ: ಬಣ್ಣದ ಟ್ಯೂಬಿಗೆ 20,000 ವೋಲ್ಟಿಗೂ ಮೀರಿ ಕರೆಂಟು ಬೇಕು, ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರುತ್ತದೆ.

ವಾರದ ಹೊತ್ತು

ಚಂದನ ನೋಡುವ ಮನೆಗೆ ಮೊದಲು ಹೇಳಬೇಕಾದ ಹೆಸರು ‘ಥಟ್ ಅಂತ ಹೇಳಿ’. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದಿರುವ, ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನ ಕೊಡುವ ರಸಪ್ರಶ್ನೆ. ಅಜ್ಜಿಗೆ ಗಾದೆ ಗೊತ್ತು, ಮೊಮ್ಮಗಳಿಗೆ ವಿಜ್ಞಾನ ಗೊತ್ತು. ಪರದೆಯಲ್ಲಿರುವವರಿಗಿಂತ ಮೊದಲು ಉತ್ತರ ಕೂಗುವ ಪೈಪೋಟಿಗೆ ಇದಕ್ಕಿಂತ ತಕ್ಕ ಕಾರ್ಯಕ್ರಮ ಕನ್ನಡದಲ್ಲಿ ಇನ್ನೊಂದಿಲ್ಲ. ಹಳೇ ಚಿತ್ರಗೀತೆ, ಸುಗಮ ಸಂಗೀತ, ಯಕ್ಷಗಾನ, ಕೃಷಿ ಕಾರ್ಯಕ್ರಮಗಳೂ ಬರುತ್ತವೆ. ಜಾಹೀರಾತು ಖಾಸಗಿ ವಾಹಿನಿಗಳಷ್ಟಿಲ್ಲ.

ದೋಷಗಳೂ ಇವೆ. ವಿಧಾನಮಂಡಲದ ಕಲಾಪ, ಸರ್ಕಾರಿ ಸಮಾರಂಭಗಳ ನೇರಪ್ರಸಾರ ಇದ್ದರೆ ವೇಳಾಪಟ್ಟಿ ಏರುಪೇರಾಗುತ್ತದೆ. ಹೊತ್ತನ್ನೇ ನಂಬಿ ಕೂರುವವರಿಗೆ ಇದು ನಿಜಕ್ಕೂ ಬೇಸರ ತರಿಸುವ ವಿಷಯ, ದೂರದರ್ಶನ ಗಂಭೀರವಾಗಿ ತೆಗೆದುಕೊಳ್ಳಬೇಕು. ಫ್ರೀ ಡಿಶ್ಶಿನಲ್ಲಿ ವಾಹಿನಿಗಳಿಗೆ ಜಾಗ ಕೊಡುವ ಹರಾಜು ನಡೆದಾಗಲೆಲ್ಲ ಪಟ್ಟಿಯ ಕ್ರಮ ಬದಲಾಗಿ ಕೆಲವು ಕಾಣೆಯಾಗುತ್ತವೆ, ಮತ್ತೆ ಸ್ಕ್ಯಾನ್ ಮಾಡಬೇಕು. ಹಿರಿಯರಿಗಾಗಿ ಚಂದನವನ್ನೂ ಇನ್ನೆರಡು ವಾಹಿನಿಗಳನ್ನೂ ‘ಫೇವರಿಟ್’ ಪಟ್ಟಿಗೆ ಸೇರಿಸಿ, ರಿಮೋಟಿನ ಆ ಗುಂಡಿಗೆ ಬಣ್ಣದ ಟೇಪ್ ಅಂಟಿಸಿ ಕೊಡಿ.

ಮದುವೆ-ಮುಂಜಿ ಎಂದು ಯಾರಾದರೂ ಹೋಗಬೇಕಾದ ವಾರಕ್ಕೆ ಬಾಕ್ಸಿನ ಯುಎಸ್‌ಬಿ ರೆಕಾರ್ಡಿಂಗ್ ಇದೆ. ಸಾಮಾನ್ಯ ವಾಹಿನಿಯ ಒಂದು ಗಂಟೆಗೆ ಸುಮಾರು 1 ಜಿಬಿ ಹಿಡಿಯಿರಿ. ಪೆನ್‌ಡ್ರೈವನ್ನು ಎಫ್‌ಎಟಿ-32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಒಂದು ಫೈಲು 4 ಜಿಬಿ ದಾಟುವುದಿಲ್ಲ, ಸಿನಿಮಾ ಇಟ್ಟರೆ ಎರಡು ತುಂಡಾಗಬಹುದು. ಟೈಮರ್ ಹಾಕಿದ ಮೇಲೆ ಬಾಕ್ಸನ್ನು ರಿಮೋಟಿನಿಂದ ಮಾತ್ರ ಆಫ್ ಮಾಡಿ; ಗೋಡೆಯ ಸ್ವಿಚ್ ಆಫ್ ಮಾಡಿದರೆ ರೆಕಾರ್ಡ್ ಆಗದು.

ಹಳೇ ಧಾರಾವಾಹಿಗಳೇ ಬೇಕಾದಾಗ ಪ್ರಸಾರ ಭಾರತಿಯ ವೇವ್ಸ್ ಆ್ಯಪ್ ನೋಡಬೇಕು. 2024ರ ನವೆಂಬರ್ 20ರಂದು ಗೋವಾದ ಚಿತ್ರೋತ್ಸವದಲ್ಲಿ ಬಿಡುಗಡೆಯಾಯಿತು. ದೂರದರ್ಶನದ ನೇರಪ್ರಸಾರವೂ ಹಳೇ ಭಂಡಾರವೂ ಒಂದೇ ಕಡೆ ಇವೆ. ಭಂಡಾರ ದೊಡ್ಡದು, ಅದಕ್ಕೆ ಪೂರ್ತಿ ಅಂಕ. ಆದರೆ ಹೊತ್ತು ಎಂಬುದು ಅಲ್ಲಿಲ್ಲ, ಅದನ್ನು ಮನೆಯವರೇ ಕಟ್ಟಿಕೊಳ್ಳಬೇಕು. ಭಾನುವಾರ ಒಂಬತ್ತೂವರೆಗೆ ಒಂದೇ ಕಂತು, ದೊಡ್ಡ ಟೀವಿಯಲ್ಲಿ ಮಾತ್ರ, ಮುಗಿದ ತಕ್ಷಣ ಆ್ಯಪ್‌ನಿಂದ ಹೊರಕ್ಕೆ. ನಡುವೆ ಯಾರೂ ಮೊಬೈಲಿನಲ್ಲಿ ಮುಂದಿನ ಕಂತು ನೋಡಕೂಡದು. ಮಕ್ಕಳಿಗೆ ಇದು ಮೊದಲೆರಡು ವಾರ ಶಿಕ್ಷೆಯಂತೆ ಕಂಡೀತು. ಆಮೇಲೆ ಮುಂದೇನಾಗುತ್ತದೆ ಎಂದು ಊಟದ ಹೊತ್ತಿನಲ್ಲಿ ವಾದ ಶುರುವಾಗುತ್ತದೆ, ಬೇಕಾಗಿದ್ದೂ ಅದೇ. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಇದಕ್ಕೆ ಒಳ್ಳೆಯ ಆರಂಭ. ಹೆಚ್ಚಿನ ಕಂತುಗಳು ಒಂದೇ ಸಲಕ್ಕೆ ಮುಗಿಯುವ ಕಥೆಗಳು, ಒಂದು ವಾರ ತಪ್ಪಿದರೂ ಎಳೆ ಕಡಿಯುವುದಿಲ್ಲ.

ಹೊರದೇಶದಲ್ಲಿರುವ ಮಕ್ಕಳಿಗೆ ಫ್ರೀ ಡಿಶ್ ಸಿಗುವುದಿಲ್ಲ, ಅವರಿಗೆ ಆ್ಯಪ್ ಅಥವಾ ಯೂಟ್ಯೂಬೇ ದಾರಿ. ಇಲ್ಲಿನ ಭಾನುವಾರ ಬೆಳಿಗ್ಗೆ ಒಂಬತ್ತೂವರೆ ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ ಎಂಟು, ಬೇಸಿಗೆಯಲ್ಲಿ ಒಂಬತ್ತು. ದುಬೈಯಲ್ಲಿ ಭಾನುವಾರ ಬೆಳಿಗ್ಗೆ ಎಂಟು. ಎರಡೂ ಮನೆಯವರು ಒಟ್ಟಿಗೆ ನೋಡಲು ಈ ಹೊತ್ತು ಹೊಂದುತ್ತದೆ. ಲಂಡನ್ನಿನವರಿಗೆ ಅದು ಬೆಳಗಿನ ಜಾವ ನಾಲ್ಕೋ ಐದೋ ಆಗುವುದರಿಂದ ಸಂಜೆಗೆ ಬದಲಿಸಿಕೊಳ್ಳಿ. ವಿಡಿಯೊ ಕರೆ ಇಟ್ಟುಕೊಂಡೇ ನೋಡುವುದಾದರೆ ಒಂದು ಕಡೆಯ ಮೈಕ್ ಮುಚ್ಚಿರಿ, ಇಲ್ಲದಿದ್ದರೆ ಎರಡು ಟೀವಿಯ ಧ್ವನಿ ಒಂದಕ್ಕೊಂದು ತಗುಲಿ ಮಾತೇ ಕೇಳುವುದಿಲ್ಲ.

ಬಾಕ್ಸು ಒಂದು ವಾಹಿನಿಯನ್ನು ಒಂದೇ ಟೀವಿಗೆ ಕೊಡುತ್ತದೆ. ಮಲಗುವ ಕೋಣೆಗೂ ಇನ್ನೊಂದು ಬಾಕ್ಸು ಹಾಕಿಸೋಣವೇ ಎಂದು ಅಂಗಡಿಯವರು ಕೇಳುತ್ತಾರೆ. ಜೋಡಿ ಔಟ್‌ಪುಟ್ಟಿನ ಎಲ್‌ಎನ್‌ಬಿ ಹಾಕಿದರೆ ಅದೂ ಆಗುತ್ತದೆ. ಆದರೆ ನಡುಮನೆಯಲ್ಲಿ ಎಲ್ಲರೂ ಕೂರಲಿ ಎಂದು ಇದನ್ನು ತರುತ್ತಿದ್ದರೆ ಎರಡನೆಯದು ಬೇಡ.

ಪ್ರತಿ ವರ್ಷ ಮೇ ಕೊನೆಗೆ, ಮುಂಗಾರಿಗೆ ಮೊದಲು, ಒಮ್ಮೆ ಚಾವಣಿ ಹತ್ತಿ. ಬೋಲ್ಟು ಬಿಗಿ ಇದೆಯೇ, ಕೋತಿ ಎಲ್‌ಎನ್‌ಬಿಯ ತೋಳನ್ನು ಜಗ್ಗಿ ಬಾಗಿಸಿದೆಯೇ, ರಬ್ಬರ್ ಟೊಪ್ಪಿ ಬಿಸಿಲಿಗೆ ಬಿರಿದಿದೆಯೇ ನೋಡಿ. ಕನೆಕ್ಟರ್ ಬಿಚ್ಚಿದಾಗ ನಡುವಿನ ತಂತಿ ಹಸಿರುಗಟ್ಟಿದ್ದರೆ ಅಷ್ಟು ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಅದಕ್ಕೆಂದೇ ಡಿಶ್ಶಿನ ಬುಡದಲ್ಲಿ ಒಂದು ಮೀಟರ್ ಕೇಬಲ್ ಹೆಚ್ಚಿಗೆ ಸುತ್ತಿಡಬೇಕು. ಕೆಳಗಿಳಿದು ಕ್ವಾಲಿಟಿ ಅಂಕವನ್ನು ಹಿಂದಿನ ವರ್ಷದ್ದರ ಜೊತೆ ಹೋಲಿಸಿ. ಅಂಕವನ್ನು ಬಾಕ್ಸಿನ ತಳಕ್ಕೆ ಚೀಟಿ ಅಂಟಿಸಿ ಬರೆದಿಟ್ಟರೆ ಹುಡುಕುವ ಕಷ್ಟ ಇಲ್ಲ. ಹತ್ತಕ್ಕಿಂತ ಹೆಚ್ಚು ಇಳಿದಿದ್ದರೆ ಮಳೆ ಹಿಡಿಯುವ ಮೊದಲೇ ಸರಿಮಾಡಿಸಿ.